ಹೊಟ್ಟೆ ತುಂಬ ತಿಂದು ಸಾಕೆ ಕುಡಿದರೆ ಕಾರು ಓಡಿಸಬಹುದೇ? ಹ್ಯಾಪಿ ಅವರ್ ಫಾರ್ವರ್ಡ್‌ನ ಹಿಂದಿನ ಲೆಕ್ಕ

ನಾಪೋಕ್ಲಿನ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿ, ಅದರ ಕೆಳಗೆ ತಮ್ಮ ಆತಂಕವನ್ನೂ ಬರೆದಿದ್ದರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ಗೆಳೆಯರ ಜೊತೆ ಜಪಾನಿ ರೆಸ್ಟೋರೆಂಟಿಗೆ ಹೋಗಿ, ಹ್ಯಾಪಿ ಅವರ್ ಮುಗಿಸಿಕೊಂಡು, ಅಲ್ಲಿಂದ ನೇರ ಕಾರಿನಲ್ಲಿ ಊರಿಗೆ ಹೊರಡುತ್ತಾನೆ. ಕುಡಿದು ಓಡಿಸಬೇಡ ಅಂದರೆ ಈ ಫಾರ್ವರ್ಡ್ ತೋರಿಸುತ್ತಾನೆ. ಇದು ಸರಿಯಾ?

ಸಂದೇಶದಲ್ಲಿ ಇದ್ದದ್ದು ಹೀಗೆ. ಜಪಾನೀಯರು ನೂರು ವರ್ಷ ಬದುಕುವುದಕ್ಕೆ ಕಾರಣ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ತಿನ್ನುವುದು ಮತ್ತು ಅದರ ಜೊತೆ ಸಾಕೆ ಕುಡಿಯುವುದು. ಸಾಕೆ ಅಕ್ಕಿಯದ್ದು, ಹಾಗಾಗಿ ವಿಸ್ಕಿಯಂತೆ ತಲೆಗೇರುವುದಿಲ್ಲ. ಬಿಸಿ ಮಾಡಿದರೆ ಅದರಲ್ಲಿರುವ ಆಲ್ಕೋಹಾಲ್ ಹಾರಿಹೋಗುತ್ತದೆ. ಕುಡಿಯುವ ಮೊದಲು ಮತ್ತು ಕುಡಿಯುವಾಗ ಚೆನ್ನಾಗಿ ತಿಂದರೆ, ಅದರಲ್ಲೂ ಕೊಬ್ಬಿನ ಪದಾರ್ಥ ತಿಂದರೆ, ಮದ್ಯ ರಕ್ತಕ್ಕೆ ಸೇರುವುದೇ ಇಲ್ಲ. ಕೊನೆಗೆ ಒಂದು ಕಪ್ಪು ಸ್ಟ್ರಾಂಗ್ ಕಾಫಿ ಕುಡಿದರೆ ಪೊಲೀಸರ ಮೆಷಿನ್ ಕೂಡ ಹಿಡಿಯುವುದಿಲ್ಲ. ಕೆಳಗೆ, ಎಂದಿನಂತೆ, ಹತ್ತು ಜನಕ್ಕೆ ಕಳಿಸಿ ಎಂಬ ಆಜ್ಞೆ.

ಇಂಥ ಸಂದೇಶಗಳು ಇಷ್ಟು ಬೇಗ ಹರಡಲು ಒಂದು ಕಾರಣವಿದೆ. ಅದರಲ್ಲಿ ಎಲ್ಲವೂ ಸುಳ್ಳಲ್ಲ. ತಿಂದು ಕುಡಿದರೆ ಅಮಲು ನಿಧಾನ ಎಂಬುದು ಪ್ರತಿಯೊಬ್ಬರ ಅನುಭವ. ಕೊಡಗಿನಲ್ಲಂತೂ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮದುವೆ ಮನೆಯಲ್ಲಿ ಗ್ಲಾಸ್ ಬರುವ ಹೊತ್ತಿಗೆ ಪಂದಿ ಫ್ರೈ ತಟ್ಟೆಯೂ ಬಂದಿರುತ್ತದೆ, ಬರೀ ಗ್ಲಾಸ್ ಹಿಡಿದು ಕೂತವನನ್ನು ಮನೆಯವರೇ ಗದರುತ್ತಾರೆ. ಜಪಾನಿನಲ್ಲೂ ಹಾಗೆಯೇ. ಅಲ್ಲಿ ಇಜಾಕಾಯಾ ಎಂದು ಕರೆಯುವ ಕುಡಿತ-ತಿನಿಸಿನ ಅಂಗಡಿಗಳಲ್ಲಿ ಕೂತ ಕೂಡಲೇ ಒಂದು ಪುಟ್ಟ ತಟ್ಟೆ ಮುಂದೆ ಬರುತ್ತದೆ, ನಾವು ಕೇಳದಿದ್ದರೂ. ಮೀನಿಗೆ ಜಪಾನಿ ಭಾಷೆಯಲ್ಲಿ ಇರುವ 'ಸಕಾನಾ' ಎಂಬ ಪದವೇ ಮೊದಲು ಸಾಕೆಯ ಜೊತೆ ನಂಚಿಕೊಳ್ಳುವ ಪದಾರ್ಥ ಎಂಬ ಅರ್ಥದಿಂದ ಬಂದದ್ದು. ಅಂದರೆ ನಾಪೋಕ್ಲಿನ ಹಿರಿಯರೂ ಜಪಾನಿನ ಹಿರಿಯರೂ ಬೇರೆ ಬೇರೆಯಾಗಿ ಒಂದೇ ಬುದ್ಧಿವಂತಿಕೆಗೆ ಬಂದಿದ್ದಾರೆ.

ತೊಂದರೆ ಇರುವುದು ಆ ಬುದ್ಧಿವಂತಿಕೆಯನ್ನು ಕಾರಿನ ಕೀಲಿಯ ಜೊತೆ ಸೇರಿಸಿದಾಗ.

ಸಾಕೆ ಅಂದರೆ ಏನು?

ಮೊದಲು ಹೆಸರಿನ ವಿಷಯ. ಕನ್ನಡದಲ್ಲಿ ಬರೆದರೆ 'ಸಾಕೆ' ಎಂಬುದು ಪ್ರಶ್ನೆಯಾಗಿಯೂ ಓದಿಸಿಕೊಳ್ಳುತ್ತದೆ. ಬಡಿಸುವವರು ಹೀಗೆ ಕೇಳಿದ್ದರೆ ಎಷ್ಟೋ ಜನರಿಗೆ ಉಪಕಾರವಾಗುತ್ತಿತ್ತು. ಜಪಾನಿನಲ್ಲಿ ಸಾಕೆ ಎಂದರೆ ಯಾವುದೇ ಮದ್ಯ. ನಾವು ಸಾಕೆ ಎನ್ನುವುದನ್ನು ಅವರು 'ನಿಹೊನ್‌ಶು', ಅಂದರೆ ಜಪಾನಿ ಮದ್ಯ, ಎನ್ನುತ್ತಾರೆ.

ಮೆನು ಕಾರ್ಡುಗಳಲ್ಲಿ ಇದನ್ನು ಅಕ್ಕಿಯ ವೈನ್ ಎಂದು ಬರೆದಿರುತ್ತಾರೆ. ಆದರೆ ಮಾಡುವ ರೀತಿ ನೋಡಿದರೆ ಇದು ಬಿಯರಿಗೆ ಹತ್ತಿರ. ದ್ರಾಕ್ಷಿಯಲ್ಲಿ ಸಕ್ಕರೆ ಮೊದಲೇ ಇರುತ್ತದೆ, ಯೀಸ್ಟ್ ಅದನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಅಕ್ಕಿಯಲ್ಲಿರುವುದು ಪಿಷ್ಟ. ಈ ಯೀಸ್ಟಿಗೆ ಪಿಷ್ಟವನ್ನು ತಿನ್ನಲು ಬರುವುದಿಲ್ಲ, ಯಾರಾದರೂ ಅದನ್ನು ಒಡೆದು ಸಕ್ಕರೆ ಮಾಡಿಕೊಡಬೇಕು. ಆ ಕೆಲಸಕ್ಕೆ ಜಪಾನೀಯರು ಕೋಜಿ ಎಂಬ ಬೂಷ್ಟನ್ನು ಹಬೆಯಲ್ಲಿ ಬೆಂದ ಅಕ್ಕಿಯ ಮೇಲೆ ಬೆಳೆಸುತ್ತಾರೆ. ಬೂಷ್ಟು ಎಂದಾಕ್ಷಣ ಮುಖ ಸಿಂಡರಿಸಬೇಕಾಗಿಲ್ಲ. ಸೋಯಾ ಸಾಸ್ ತಯಾರಾಗುವುದೂ ಇದರಿಂದಲೇ. ಜಾರ್ಖಂಡ್ ಕಡೆಯ ಹಂಡಿಯಾ, ಅಸ್ಸಾಮಿನ ಅಪೋಂಗ್ ಮೊದಲಾದ ನಮ್ಮದೇ ದೇಶದ ಅಕ್ಕಿಯ ಮದ್ಯಗಳಿಗೂ ಇದೇ ಕೆಲಸ ಮಾಡುವ ಬೇರೆ ಸೂಕ್ಷ್ಮಜೀವಿಗಳ ಬಿಲ್ಲೆಗಳನ್ನು ಬಳಸುತ್ತಾರೆ.

ಸಾಕೆಯ ಪಾತ್ರೆಯಲ್ಲಿ ಕೋಜಿ ಪಿಷ್ಟವನ್ನು ಒಡೆಯುವುದೂ ಯೀಸ್ಟ್ ಸಕ್ಕರೆಯನ್ನು ತಿನ್ನುವುದೂ ಒಟ್ಟೊಟ್ಟಿಗೆ ನಡೆಯುತ್ತದೆ. ಸಕ್ಕರೆ ಸ್ವಲ್ಪ ಸ್ವಲ್ಪವೇ ಸಿಗುವುದರಿಂದ ಯೀಸ್ಟ್ ಬಹಳ ಕಾಲ ಕೆಲಸ ಮಾಡುತ್ತದೆ. ಹೀಗಾಗಿ ಭಟ್ಟಿ ಇಳಿಸದೆಯೇ ಆಲ್ಕೋಹಾಲ್ ಶೇ. 20ರ ಹತ್ತಿರ ಬರುತ್ತದೆ. ಆಮೇಲೆ ನೀರು ಬೆರೆಸಿ ಸಾಮಾನ್ಯವಾಗಿ ಶೇ. 15-16ಕ್ಕೆ ಇಳಿಸುತ್ತಾರೆ. ದುಬಾರಿ ಸಾಕೆಗೆ ಅಕ್ಕಿಯನ್ನು ಅರ್ಧದಷ್ಟು ಉಜ್ಜಿ ತೆಗೆದು, ಒಳಗಿನ ತಿರುಳನ್ನಷ್ಟೇ ಬಳಸುವುದೂ ಉಂಟು. ಪುತ್ತರಿಯ ದಿನ ಕದಿರು ತೆಗೆದು ಮನೆಗೆ ತರುವವರಿಗೆ ಇದು ಕೇಳಿದರೇ ಹೊಟ್ಟೆ ಉರಿದೀತು.

ಅಕ್ಕಿಯದ್ದು ಆದ್ದರಿಂದ ತಲೆಗೇರುವುದಿಲ್ಲ ಎಂಬ ಮಾತಿಗೆ ಇಲ್ಲಿ ಉತ್ತರ ಸಿಕ್ಕಿತು. ಅಕ್ಕಿಯಿಂದ ಬಂದರೂ, ದ್ರಾಕ್ಷಿಯಿಂದ ಬಂದರೂ, ಬೈನೆ ಮರದ ಕಳ್ಳಿನಲ್ಲಿದ್ದರೂ ಅಮಲು ಕೊಡುವುದು ಎಥನಾಲ್ ಎಂಬ ಒಂದೇ ವಸ್ತು. ಅದು ಎಲ್ಲಿಂದ ಬಂತು ಎಂದು ಲಿವರ್ ವಿಚಾರಿಸುವುದಿಲ್ಲ, ಎಷ್ಟು ಬಂತು ಎಂಬುದಷ್ಟೇ ಅದಕ್ಕೆ ಬೇಕು.

ಎಷ್ಟು ಎಂಬುದನ್ನು ಲೆಕ್ಕ ಹಾಕೋಣ. ಒಂದು ಕಾಕತಾಳೀಯ ನಮಗೆ ಸಹಾಯ ಮಾಡುತ್ತದೆ. ಸಾಕೆಯ ಹಳೆಯ ಜಪಾನಿ ಅಳತೆ 'ಗೋ'. ಒಂದು ಗೋ ಅಂದರೆ ಸುಮಾರು 180 ಮಿ.ಲೀ. ನಮ್ಮ ವೈನ್‌ಶಾಪಿನ ಕ್ವಾರ್ಟರ್ ಬಾಟಲಿಯೂ 180 ಮಿ.ಲೀ. ಅಳತೆ ಒಂದೇ, ಒಳಗಿರುವುದು ಬೇರೆ. ಶೇ. 42.8ರ ವಿಸ್ಕಿಯ ಕ್ವಾರ್ಟರ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ. ಶೇ. 15ರ ಸಾಕೆಯ ಒಂದು ಗೋನಲ್ಲಿ ಸುಮಾರು 21 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ. 30 ಮಿ.ಲೀ. ವಿಸ್ಕಿ ಪೆಗ್ಗಿನಲ್ಲಿ 10 ಗ್ರಾಂ. ಅಂದರೆ ಮೇಜಿನ ಮೇಲಿನ ಆ ಮುದ್ದಾದ ಪಿಂಗಾಣಿ ಹೂಜಿ ಎರಡು ಪೆಗ್ ವಿಸ್ಕಿಗೆ ಸಮ. ಎರಡು ಹೂಜಿ ಕುಡಿದವರು ನಾಲ್ಕು ಪೆಗ್ ಕುಡಿದಂತೆ. "ನಾನು ವಿಸ್ಕಿ ಮುಟ್ಟಿಲ್ಲ, ಬರೀ ಸಾಕೆ" ಎನ್ನುವ ಮಾತಿನ ತೂಕ ಇಷ್ಟು.

ಬಿಸಿ ಮಾಡಿದರೆ ಹಾರಿಹೋಗುತ್ತದೆ ಎಂಬುದೂ ಹಾಗೆಯೇ. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಬಿಸಿ ಸಾಕೆಯನ್ನು ಬಡಿಸುವುದು 40ರಿಂದ 50 ಡಿಗ್ರಿಯ ಆಸುಪಾಸಿನಲ್ಲಿ, ಕಿರಿದಾದ ಬಾಯಿಯ ಹೂಜಿಯಲ್ಲಿ, ಅದೂ ಕೆಲವೇ ನಿಮಿಷ. ಹಾರಿಹೋಗುವುದು ಲೆಕ್ಕಕ್ಕೆ ಬಾರದಷ್ಟು. ಮೂಗಿಗೆ ಬಡಿಯುವ ಆ ಘಮವನ್ನು ನೋಡಿ ಎಲ್ಲವೂ ಹೋಯಿತು ಎಂದುಕೊಂಡರೆ ತಪ್ಪು.

ತಟ್ಟೆಯಲ್ಲಿದ್ದದ್ದು ಏನು ಮಾಡುತ್ತದೆ?

ಈಗ ಮುಖ್ಯ ವಿಷಯ. ಮದ್ಯ ಹೊಟ್ಟೆಯಲ್ಲಿ ಸ್ವಲ್ಪ ಮಟ್ಟಿಗೆ ಹೀರಲ್ಪಡುತ್ತದೆ, ಆದರೆ ಬಹುಪಾಲು ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಹೊಟ್ಟೆಗೂ ಸಣ್ಣ ಕರುಳಿಗೂ ನಡುವೆ ಒಂದು ಬಾಗಿಲಿದೆ ಎಂದುಕೊಳ್ಳಿ. ಹೊಟ್ಟೆ ಖಾಲಿ ಇದ್ದರೆ ಆ ಬಾಗಿಲು ಬಹುತೇಕ ತೆರೆದೇ ಇರುತ್ತದೆ. ಕುಡಿದದ್ದು ಬೇಗ ಇಳಿದು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ಆಲ್ಕೋಹಾಲ್ ಗರಿಷ್ಠ ಮಟ್ಟಕ್ಕೆ ಬರುತ್ತದೆ. ಹೊಟ್ಟೆಯಲ್ಲಿ ಊಟವಿದ್ದರೆ, ಅದು ಅರೆದು ಮುಗಿಯುವ ತನಕ ಬಾಗಿಲು ಆಗಾಗ ಸ್ವಲ್ಪ ಸ್ವಲ್ಪವೇ ತೆರೆಯುತ್ತದೆ. ಕೊಬ್ಬು, ಪ್ರೋಟೀನು ಇದ್ದರೆ ಇನ್ನೂ ನಿಧಾನ. ಹೊಟ್ಟೆಯಲ್ಲೇ ಉಳಿದ ಮದ್ಯದಲ್ಲಿ ಒಂದಿಷ್ಟು ಅಲ್ಲೇ ಒಡೆದುಹೋಗುತ್ತದೆ, ನಿಧಾನವಾಗಿ ಬಂದದ್ದರಲ್ಲಿ ಇನ್ನೊಂದಿಷ್ಟನ್ನು ಲಿವರ್ ದಾರಿಯಲ್ಲೇ ಒಡೆಯುತ್ತದೆ. ಹಾಗಾಗಿ ಗರಿಷ್ಠ ಮಟ್ಟ ತಗ್ಗುತ್ತದೆ. ಇದು ನಿಜ, ಒಪ್ಪಿಕೊಳ್ಳೋಣ.

ಆದರೆ ತಗ್ಗುವುದರ ಜೊತೆಗೆ ಇನ್ನೊಂದೂ ಆಗುತ್ತದೆ. ಆ ಗರಿಷ್ಠ ಮಟ್ಟ ಮುಂದಕ್ಕೆ ಹೋಗುತ್ತದೆ. ಒಂದು ಗಂಟೆಗೆ ಬರಬೇಕಾದದ್ದು ಎರಡು ಗಂಟೆಗೆ, ಕೆಲವೊಮ್ಮೆ ಇನ್ನೂ ತಡವಾಗಿ ಬರುತ್ತದೆ. ಫಾರ್ವರ್ಡ್ ಬಿಟ್ಟುಬಿಟ್ಟ ಸಂಗತಿ ಇದೇ. ಪಂದಿ ಫ್ರೈ ಆಗಲಿ, ಜಪಾನಿನ ಕೋಳಿ ಕರಿದದ್ದಾಗಲಿ, ಮದ್ಯವನ್ನು ತಡೆಹಿಡಿದು ನಿಲ್ಲಿಸುವುದಿಲ್ಲ. ಸರತಿಯಲ್ಲಿ ನಿಲ್ಲಿಸುತ್ತದೆ. ಸರತಿ ಮುಂದೆ ಚಲಿಸುತ್ತಲೇ ಇರುತ್ತದೆ, ನೀವು ಮೇಜಿನಲ್ಲಿದ್ದರೂ, ಎದ್ದು ಕಾರಿನಲ್ಲಿ ಕೂತರೂ.

ಮನೆಯಲ್ಲೇ ಕುಡಿದು ಮನೆಯಲ್ಲೇ ಮಲಗುವವರಿಗೆ ಈ ತಡ ಒಳ್ಳೆಯದೇ. ಹಿರಿಯರು ತಿಂದು ಕುಡಿ ಎಂದದ್ದು ಅವರಿಗೆ. ಹ್ಯಾಪಿ ಅವರ್ ಮುಗಿಸಿ ಹೊರಡುವವರಿಗೆ ಅದೇ ತಡ ಮೋಸ ಮಾಡುತ್ತದೆ. ಎದ್ದು ನಿಂತಾಗ ಕಾಲು ಸರಿಯಾಗಿದೆ, ಮಾತು ತೊದಲುತ್ತಿಲ್ಲ, ಬಿಲ್ಲಿನ ಲೆಕ್ಕ ತಪ್ಪುತ್ತಿಲ್ಲ. ನಾನು ಸರಿಯಾಗಿದ್ದೇನೆ ಎನಿಸುತ್ತದೆ. ಆ ಹೊತ್ತಿಗೆ ಅದು ಸುಳ್ಳೂ ಅಲ್ಲ, ಕುಡಿದದ್ದರಲ್ಲಿ ಒಂದು ಪಾಲು ಇನ್ನೂ ಹೊಟ್ಟೆಯಲ್ಲೇ ಇದೆ. ಅದು ರಕ್ತಕ್ಕೆ ಸೇರುವ ಹೊತ್ತಿಗೆ ಕಾರು ಕೆಂಗೇರಿ ದಾಟಿರುತ್ತದೆ.

ಹ್ಯಾಪಿ ಅವರ್ ಎಂಬ ಪದ್ಧತಿಯೂ ಇದಕ್ಕೆ ಕೈಜೋಡಿಸುತ್ತದೆ. ಮಧ್ಯಾಹ್ನ-ರಾತ್ರಿಗಳ ನಡುವೆ ಮೇಜುಗಳು ಖಾಲಿ ಇರುವ ಹೊತ್ತಿನಲ್ಲಿ ಗಿರಾಕಿಗಳನ್ನು ಕರೆಯಲು ದರ ಇಳಿಸುವುದು ವ್ಯಾಪಾರದ ದೃಷ್ಟಿಯಿಂದ ಸಹಜ. ಆದರೆ ಏಳು ಗಂಟೆಗೆ ಮುಗಿಯುತ್ತದೆ ಎಂದರೆ ಆರೂವರೆ ಕಳೆದ ಮೇಲೆ ಎಲ್ಲರೂ ಕೊನೆಯ ಆರ್ಡರ್ ಕೊಡುತ್ತಾರೆ. ಒಂದಕ್ಕೆ ಒಂದು ಉಚಿತ ಎಂದರೆ ಎರಡನೆಯದೂ ಆಗಲೇ ಮೇಜಿಗೆ ಬರುತ್ತದೆ. ನಾಲ್ಕು ಗಂಟೆ ಕೂತು ಕುಡಿಯಬಹುದಾದದ್ದು ಎರಡು ಗಂಟೆಗೆ ಇಳಿಯುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಕೊನೆಯ ಅರ್ಧ ಗಂಟೆಗೆ. ಜೊತೆಗೆ ಬರುವ ತಟ್ಟೆಗಳೆಲ್ಲ ಉಪ್ಪುಪ್ಪು: ಉಪ್ಪು ಹಾಕಿ ಬೇಯಿಸಿದ ಸೋಯಾ ಕಾಯಿ, ಕೆಂಡದ ಮೇಲೆ ಸುಟ್ಟ ಕೋಳಿ, ಸೋಯಾ ಸಾಸ್. ಉಪ್ಪು ತಿಂದರೆ ಬಾಯಾರಿಕೆ, ಬಾಯಾರಿದರೆ ಕೈ ಹೋಗುವುದು ಹತ್ತಿರದ ಲೋಟಕ್ಕೆ.

ಸಾಕೆ ಕುಡಿಯುವ ಬಟ್ಟಲು ಪುಟ್ಟದು, ಎರಡು ಮೂರು ಗುಟುಕಿನದು. ಜಪಾನೀ ಪದ್ಧತಿಯಲ್ಲಿ ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುವುದು ಮರ್ಯಾದೆಯಲ್ಲ, ಪಕ್ಕದವರು ಸುರಿಯಬೇಕು, ಅವರದ್ದಕ್ಕೆ ನೀವು. ಬಟ್ಟಲು ಖಾಲಿಯಾಗಿ ಕಾಣುವುದೇ ಇಲ್ಲ. ಎಷ್ಟು ಕುಡಿದೆ ಎಂಬ ಲೆಕ್ಕವನ್ನು ಮೂರನೇ ಸುತ್ತಿಗೆ ಯಾರೂ ಇಟ್ಟಿರುವುದಿಲ್ಲ. ಕೊಡಗಿನ ಮನೆಗಳ ಉಪಚಾರ ಬಲ್ಲವರಿಗೆ ಇದು ಹೊಸದಲ್ಲ. ಅಲ್ಲೂ ಅರ್ಧ ಗ್ಲಾಸ್ ಇರುವಾಗಲೇ ಮೇಲಿಂದ ಸುರಿಯುವ ಭಾವಂದಿರು ಇರುತ್ತಾರೆ. ಎಣಿಸುವುದಾದರೆ ಬಟ್ಟಲನ್ನು ಎಣಿಸಬೇಡಿ, ಖಾಲಿಯಾದ ಹೂಜಿಗಳನ್ನು ಎಣಿಸಿ ಕುಡಿದವರ ಸಂಖ್ಯೆಯಿಂದ ಭಾಗಿಸಿ.

ಅದೇ ಜಪಾನಿನಲ್ಲಿ ಸಾಕೆಯ ಜೊತೆ ಒಂದು ಲೋಟ ನೀರು ಇಟ್ಟುಕೊಂಡು ನಡುನಡುವೆ ಕುಡಿಯುವ ಅಭ್ಯಾಸವೂ ಇದೆ, ಆ ನೀರಿಗೆ ಬೇರೆ ಹೆಸರೇ ಇದೆ. ಈ ಭಾಗ ಮಾತ್ರ ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ.

ಗಡಿಯಾರದ ಲೆಕ್ಕ

65 ಕೆ.ಜಿ. ತೂಕದ ಗಂಡಸು ಸಂಜೆ 5ಕ್ಕೆ ಕೂತು 7ರೊಳಗೆ ಎರಡು ಗೋ ಸಾಕೆ ಕುಡಿದ ಎಂದುಕೊಳ್ಳಿ. ಒಟ್ಟು ಸುಮಾರು 42 ಗ್ರಾಂ ಆಲ್ಕೋಹಾಲ್. ವಿಧಿವಿಜ್ಞಾನದಲ್ಲಿ ಬಹಳ ಕಾಲದಿಂದ ಬಳಸುವ ವಿಡ್‌ಮಾರ್ಕ್ ಸೂತ್ರದ ಪ್ರಕಾರ ಇಷ್ಟೂ ರಕ್ತಕ್ಕೆ ಸೇರಿದರೆ 100 ಮಿ.ಲೀ. ರಕ್ತದಲ್ಲಿ ಸುಮಾರು 96 ಮಿಲಿಗ್ರಾಂ ಆಗುತ್ತದೆ. ದೇಹ ಗಂಟೆಗೆ ಸರಾಸರಿ 15 ಮಿಲಿಗ್ರಾಂನಂತೆ ಇದನ್ನು ಇಳಿಸುತ್ತದೆ. 7.30ಕ್ಕೆ ಕಾರು ಹತ್ತುವಾಗ ಲೆಕ್ಕಕ್ಕೆ ಸಿಗುವುದು ಸುಮಾರು 58.

ಭಾರತದ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹೇಳುವ ಮಿತಿ 30. ಅದಕ್ಕಿಂತ ಹೆಚ್ಚಿದ್ದರೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ.

ಊಟದಿಂದ ತಗ್ಗುತ್ತದಲ್ಲ ಎಂದು ಮಗ ಕೇಳಬಹುದು. ಸರಿ, ಕಾಲುಭಾಗ ತಗ್ಗಿತು ಎಂದೇ ಇಟ್ಟುಕೊಳ್ಳೋಣ. 96ರ ಬದಲು 72. ಎರಡೂವರೆ ಗಂಟೆಯ ಇಳಿಕೆ ಕಳೆದರೆ 34 ಚಿಲ್ಲರೆ. ಆಗಲೂ ಮಿತಿಗಿಂತ ಮೇಲೆಯೇ. ಊಟದ ರಿಯಾಯಿತಿ ಇಲ್ಲದೆ ನೋಡಿದರೆ ಮಿತಿಯ ಕೆಳಗೆ ಬರುವುದು ರಾತ್ರಿ ಒಂಬತ್ತೂವರೆ ಸುಮಾರಿಗೆ. ಎರಡರ ಬದಲು ಮೂರು ಗೋ ಆಗಿದ್ದರೆ ನಡುರಾತ್ರಿ ಹನ್ನೆರಡೂವರೆ. 55 ಕೆ.ಜಿ. ತೂಕದ ಹೆಂಗಸಿಗೆ ಎರಡೇ ಗೋಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಏಕೆಂದರೆ ಹೆಂಗಸರ ದೇಹದಲ್ಲಿ ನೀರಿನ ಪ್ರಮಾಣ ಕಡಿಮೆ. ಇವು ಅಂದಾಜುಗಳು. ವಯಸ್ಸು, ಲಿವರ್, ಮಾತ್ರೆಗಳು, ಆ ದಿನ ತಿಂದದ್ದು ಎಲ್ಲದರ ಮೇಲೆ ಅಂಕಿ ಆಚೀಚೆ ಆಗುತ್ತದೆ. ಈ ಲೆಕ್ಕ ನೋಡಿ ಒಂಬತ್ತೂವರೆಗೆ ಹೊರಡಬಹುದು ಎಂದು ಯಾರೂ ತೀರ್ಮಾನಿಸಬಾರದು. ಏಳೂವರೆಗೆ ಹೊರಡುವಂತಿಲ್ಲ ಎನ್ನಲು ಮಾತ್ರ ಇದು ಸಾಕು. 30 ಎಂಬ ಗೆರೆಯ ಕೆಳಗಿದ್ದರೂ ಗಮನ, ದೂರದ ಅಂದಾಜು, ಬ್ರೇಕ್ ಒತ್ತುವ ವೇಗ ಇವು ಆಗಲೇ ಮಂದವಾಗಿರುತ್ತವೆ.

ಈ ಗಂಟೆಗಳನ್ನು ದಾರಿಯ ಮೇಲೆ ಇಟ್ಟು ನೋಡಿ. ಮೊದಲು ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಅಪಘಾತಗಳು ಎಷ್ಟು ಹೆಚ್ಚಾದವೆಂದರೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೋಗಳನ್ನೇ ಅಲ್ಲಿಂದ ಹೊರಗಿಟ್ಟರು. ಆಮೇಲೆ ಹುಣಸೂರು. ಅಲ್ಲಿಂದ ತಿತಿಮತಿ ಕಡೆ ತಿರುಗಿದರೆ ಕಾಡಿನ ದಾರಿ, ಆನೆ ರಸ್ತೆಗೆ ಬಂದು ನಿಲ್ಲುವ ಜಾಗಗಳು. ಕೊನೆಗೆ ಕಾಫಿ ತೋಟಗಳ ನಡುವೆ ತಿರುವಿನ ಮೇಲೆ ತಿರುವು, ಮಳೆಗಾಲದಲ್ಲಿ ನಾಪೋಕ್ಲು ಆಸುಪಾಸಿನ ರಸ್ತೆಗೆ ಕಾವೇರಿ ನೀರು. ನಿದ್ದೆ ಬರುವ ಹೊತ್ತು, ಅಮಲು ಇಳಿಯುವ ಹೊತ್ತು, ಕಷ್ಟದ ರಸ್ತೆಯ ಹೊತ್ತು, ಮೂರೂ ಒಟ್ಟಿಗೆ ಬರುತ್ತವೆ.

ಊರಿನಲ್ಲೇ ಇರುವವರಿಗೂ ಒಂದು ಲೆಕ್ಕ. ಮದುವೆ ಮನೆಯಲ್ಲಿ ರಾತ್ರಿ 8ರಿಂದ ಒಂದೂವರೆ ಕ್ವಾರ್ಟರ್ ವಿಸ್ಕಿ ಕುಡಿದ ಅದೇ 65 ಕೆ.ಜಿ. ಮನುಷ್ಯ ಬೆಳಿಗ್ಗೆ 7ಕ್ಕೆ ಎದ್ದು, ಸ್ನಾನ ಮಾಡಿ, ತಿಂಡಿ ತಿಂದು ಸ್ಕೂಟರ್ ಹತ್ತುವಾಗಲೂ ಸೂತ್ರದ ಪ್ರಕಾರ 40ರ ಆಸುಪಾಸಿನಲ್ಲಿರುತ್ತಾನೆ. ರಾತ್ರಿ ಕಳೆಯಿತು ಎಂದರೆ ಅಮಲು ಕಳೆಯಿತು ಎಂದಲ್ಲ.

ಕಾಫಿ, ವೀಳ್ಯ, ಈರುಳ್ಳಿ

ಕಾಫಿ ನಾಡಿನವರಿಗೆ ಇದನ್ನು ಹೇಳುವುದು ಸ್ವಲ್ಪ ಕಷ್ಟ, ಆದರೂ ಹೇಳಬೇಕು. ಕಾಫಿಗೆ ರಕ್ತದಲ್ಲಿರುವ ಆಲ್ಕೋಹಾಲ್ ಮೇಲೆ ಯಾವ ಅಧಿಕಾರವೂ ಇಲ್ಲ. ಕೆಫೀನ್ ನಿದ್ದೆಯನ್ನು ಓಡಿಸುತ್ತದೆ, ಅಮಲನ್ನಲ್ಲ. ಕುಡಿದು ತೂಕಡಿಸುವವನಿಗೆ ಕಾಫಿ ಕೊಟ್ಟರೆ ಸಿಗುವುದು ಎಚ್ಚರವಾಗಿರುವ ಕುಡಿದವನು, ಅವನಿಗೆ ಈಗ ಧೈರ್ಯವೂ ಜಾಸ್ತಿ. ತಣ್ಣೀರ ಸ್ನಾನ, ನಿಂಬೆರಸ, ಮಜ್ಜಿಗೆಗೂ ಇದೇ ಮಾತು. ಲಿವರ್ ತನ್ನ ವೇಗದಲ್ಲಿ ಕೆಲಸ ಮಾಡುತ್ತದೆ, ಅದನ್ನು ಅವಸರಿಸುವ ಮನೆಮದ್ದು ಯಾವುದೂ ಇಲ್ಲ.

ಪೊಲೀಸರ ಯಂತ್ರ ಅಳೆಯುವುದು ಬಾಯಿಯ ವಾಸನೆಯನ್ನಲ್ಲ, ಶ್ವಾಸಕೋಶದ ಆಳದಿಂದ ಬರುವ ಗಾಳಿಯಲ್ಲಿರುವ ಆಲ್ಕೋಹಾಲನ್ನು. ರಕ್ತದಲ್ಲಿ ಇರುವ ತನಕ ಅದು ಉಸಿರಿನಲ್ಲಿ ಬರುತ್ತಲೇ ಇರುತ್ತದೆ. ವೀಳ್ಯದೆಲೆ, ಏಲಕ್ಕಿ, ಈರುಳ್ಳಿ ಎದುರಿಗಿರುವ ಮನುಷ್ಯನ ಮೂಗನ್ನು ಮೋಸ ಮಾಡಬಹುದು, ಯಂತ್ರವನ್ನಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್ ಮುಕ್ಕಳಿಸಿದರೆ ಕೆಲವು ನಿಮಿಷ ಅಂಕಿ ಇನ್ನೂ ಮೇಲೇರುತ್ತದೆ.

ಹಸಿ ಮೀನು ತಿಂದರೂ ಸಾಕೆ, ವಸಾಬಿ ಅದರಲ್ಲಿರುವ ಹುಳುಗಳನ್ನು ಕೊಲ್ಲುತ್ತವೆ ಎಂಬ ಇನ್ನೊಂದು ಸಂದೇಶವೂ ಓಡಾಡುತ್ತಿದೆ. ಕೊಲ್ಲುವುದಿಲ್ಲ. ಸಮುದ್ರ ಮೀನಿನಲ್ಲಿರಬಹುದಾದ ಅನಿಸಾಕಿಸ್ ಎಂಬ ಪರಾವಲಂಬಿ ಸಾಯುವುದು ಚೆನ್ನಾಗಿ ಬೇಯಿಸಿದರೆ, ಇಲ್ಲವೇ ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟರೆ. ಇದೇ ಕಾರಣಕ್ಕೆ ಅರೆಬೆಂದ ಪಂದಿ ಮಾಂಸಕ್ಕೆ ರಮ್ ಪರಿಹಾರವಲ್ಲ. ನಮ್ಮ ಪಂದಿ ಕರಿ ಗಂಟೆಗಟ್ಟಲೆ ಬೇಯುತ್ತದೆ, ಅದೇ ಅದರ ರಕ್ಷಣೆ. ಅದಕ್ಕೆ ಹಾಕುವ ಕಾಚಂಪುಳಿ ರುಚಿ ಕೊಡುತ್ತದೆ, ಕೊಬ್ಬನ್ನು ಕರಗಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಹಾಗಾದರೆ ಜಪಾನೀಯರ ಆಯಸ್ಸು?

ಜಪಾನಿನಲ್ಲಿ ನೂರು ದಾಟಿದವರ ಸಂಖ್ಯೆ 2024ರಲ್ಲಿ 95 ಸಾವಿರ ಮೀರಿತ್ತು, ಇದು ನಿಜ. ಆದರೆ ಅವರಲ್ಲಿ ಶೇ. 88ರಷ್ಟು ಹೆಂಗಸರು. ಆ ತಲೆಮಾರಿನ ಜಪಾನಿನಲ್ಲಿ ಕುಡಿಯುತ್ತಿದ್ದವರು ಹೆಚ್ಚಾಗಿ ಗಂಡಸರು. ಸಾಕೆಯೇ ಗುಟ್ಟಾಗಿದ್ದರೆ ಲೆಕ್ಕ ತಿರುಗಾಮುರುಗಾ ಆಗಬೇಕಿತ್ತು. ದೀರ್ಘಾಯುಷ್ಯಕ್ಕೆ ಹೆಸರಾದ ಓಕಿನಾವಾ ದ್ವೀಪದ ಸಾಂಪ್ರದಾಯಿಕ ಮದ್ಯವಂತೂ ಸಾಕೆಯೇ ಅಲ್ಲ, ಅವಾಮೊರಿ ಎಂಬ ಭಟ್ಟಿ ಇಳಿಸಿದ ಪಾನೀಯ. ಅಲ್ಲಿಯ ಹಿರಿಯರ ನಿಜವಾದ ಅಭ್ಯಾಸ ಹೊಟ್ಟೆ ಎಂಟಾಣೆ ಅಲ್ಲ, ಹದಿಮೂರಾಣೆ ತುಂಬುವಾಗ ಏಳುವುದು. ನಮ್ಮ ಲೆಕ್ಕದಲ್ಲಿ ಶೇ. 80.

ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ಆಲ್ಕೋಹಾಲ್ ಒಡೆದಾಗ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಅದನ್ನು ಮುಂದೆ ಒಡೆಯುವ ಕಿಣ್ವ ಜಪಾನಿನಲ್ಲಿ ಬಹಳಷ್ಟು ಜನರಿಗೆ ಹುಟ್ಟಿನಿಂದಲೇ ದುರ್ಬಲ. ಒಂದು ಬಟ್ಟಲಿಗೇ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಅವರು ನಿಲ್ಲಿಸಬೇಕಾಗುತ್ತದೆ. ನಮ್ಮಲ್ಲಿ ಈ ದೌರ್ಬಲ್ಯ ಅಪರೂಪ. ನಿಲ್ಲಿಸು ಎಂದು ದೇಹವೇ ಹೇಳುವ ಆ ಸೂಚನೆ ನಮಗೆ ಬರುವುದಿಲ್ಲ. ಜಪಾನಿನ ಆರೋಗ್ಯ ಸಚಿವಾಲಯ 2024ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ಗಂಡಸರು 40 ಗ್ರಾಂ, ಹೆಂಗಸರು 20 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಆಲ್ಕೋಹಾಲ್ ಸೇವಿಸಿದರೆ ಜೀವನಶೈಲಿ ರೋಗಗಳ ಅಪಾಯ ಹೆಚ್ಚುತ್ತದೆ. ಅಂದರೆ ಹೆಂಗಸರಿಗೆ ಒಂದೇ ಹೂಜಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಇನ್ನೂ ಕಟುವಾಗಿ ಹೇಳಿತು: ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ.

ಜಪಾನಿನಿಂದ ಕಲಿಯುವುದು ಇದ್ದರೆ ಅದು ಬೇರೆ ಕಡೆ ಇದೆ. 2006ರ ಆಗಸ್ಟ್ 25ರ ರಾತ್ರಿ ಫುಕುವೋಕಾದ ಸೇತುವೆಯೊಂದರ ಮೇಲೆ ಕುಡಿದವನ ಕಾರು ಗುದ್ದಿ, ಒಂದು ಕುಟುಂಬದ ಕಾರು ಸಮುದ್ರಕ್ಕೆ ಬಿತ್ತು. ಮೂವರು ಪುಟ್ಟ ಮಕ್ಕಳು ಹೋದರು. ದೇಶವೇ ಕದಲಿತು. ಮರುವರ್ಷ ಕಾನೂನು ಬದಲಾಯಿತು. ಕುಡಿದು ಓಡಿಸಿದವನಿಗೆ ಮಾತ್ರವಲ್ಲ, ಓಡಿಸುತ್ತಾನೆ ಎಂದು ಗೊತ್ತಿದ್ದೂ ಅವನಿಗೆ ಮದ್ಯ ಬಡಿಸಿದವರಿಗೆ, ಕಾರು ಕೊಟ್ಟವರಿಗೆ, ಅವನು ಕುಡಿದಿದ್ದಾನೆ ಎಂದು ಗೊತ್ತಿದ್ದೂ ತನ್ನನ್ನು ಕರೆದುಕೊಂಡು ಹೋಗು ಎಂದು ಪಕ್ಕದಲ್ಲಿ ಕೂತವರಿಗೂ ಶಿಕ್ಷೆ. ಅಲ್ಲಿ ಉಸಿರಿನ ಮಿತಿ ಲೀಟರಿಗೆ 0.15 ಮಿಲಿಗ್ರಾಂ. ರಕ್ತಕ್ಕೆ ಪರಿವರ್ತಿಸಿದರೆ ಅದು ಹೆಚ್ಚುಕಡಿಮೆ ನಮ್ಮ 30ಕ್ಕೇ ಬರುತ್ತದೆ. ಗೆರೆ ಒಂದೇ, ಅದನ್ನು ಕಾಯುವವರ ಸಂಖ್ಯೆ ಬೇರೆ. ಅಲ್ಲಿ ಕುಡಿದ ಗಿರಾಕಿಯನ್ನೂ ಅವನ ಕಾರನ್ನೂ ಒಟ್ಟಿಗೆ ಮನೆ ಮುಟ್ಟಿಸುವ ಬದಲಿ ಚಾಲಕರ ಸೇವೆ ಮಾಮೂಲಿ. ಬೆಂಗಳೂರಿನಲ್ಲೂ ಗಂಟೆ ಲೆಕ್ಕದಲ್ಲಿ, ಹೊರ ಊರಿಗೂ, ಚಾಲಕರು ಮೊಬೈಲಿನಲ್ಲೇ ಸಿಗುತ್ತಾರೆ.

ನಾಪೋಕ್ಲಿನ ಆ ಓದುಗರಿಗೆ ನಾವು ಬರೆದ ಉತ್ತರ ಚಿಕ್ಕದು. ನಿಮ್ಮ ಮಗ ಕಳಿಸಿದ ಸಂದೇಶದಲ್ಲಿ ತಿಂದರೆ ಅಮಲು ನಿಧಾನ ಎಂಬುದು ನಿಜ. ಆ ನಿಧಾನವೇ ಏಳೂವರೆಗೆ ಅವನನ್ನು ನಾನು ಸರಿಯಾಗಿದ್ದೇನೆ ಎಂದು ನಂಬಿಸುತ್ತಿರುವುದು. ಶುಕ್ರವಾರ ಜಪಾನಿ ಊಟ ಬೇಕಿದ್ದರೆ ಮಾಡಲಿ, ಶನಿವಾರ ಬೆಳಿಗ್ಗೆ ಹೊರಡಲಿ. ಇಲ್ಲವೇ ಶುಕ್ರವಾರವೇ ಬರುವುದಾದರೆ ಅಂದು ಹೂಜಿ ಬಿಟ್ಟು ತಟ್ಟೆ ಮಾತ್ರ, ಅಥವಾ ರಾತ್ರಿಯ ಬಸ್ಸು. ಅವರು ಮರುದಿನ ಉತ್ತರ ಕಳಿಸಿದರು: ಮಗನಿಗೆ ಫಾರ್ವರ್ಡ್ ಮಾಡಿದ್ದೇನೆ, ಎರಡು ನೀಲಿ ಗೀಟು ಬಂದಿದೆ, ಇನ್ನೂ ಏನೂ ಹೇಳಿಲ್ಲ.